ಹಳೆಯ ಬೇಲಿಯನ್ನು ಹಳೆಯದರಂತೆಯೇ ಕಟ್ಟಿದ್ದು

ಅಮೆರಿಕದ ಒಂದು ಹಳೆಯ ಊರಿನ ಪಾರಂಪರಿಕ ವಲಯದಲ್ಲಿರುವ ನಮ್ಮ ಮನೆಯ ಮುಂಭಾಗದ ಮರದ ಬೇಲಿ ಬೀದಿಯ ಕಡೆಗೆ ವಾಲತೊಡಗಿದಾಗ, ಅದನ್ನು ಪೂರ್ತಿ ಕಿತ್ತುಹಾಕಿ ಬಿಳಿಯ ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ಬೇಲಿ ಹಾಕಿಸುವುದೆಂದು ನಾನು ನಿಶ್ಚಯಿಸಿದ್ದೆ. ಬಣ್ಣ ಬಳಿಯುವ ತೊಂದರೆ ಒಮ್ಮೆಗೇ ತಪ್ಪುತ್ತದೆ ಎಂಬುದೊಂದೇ ನನ್ನ ತರ್ಕವಾಗಿತ್ತು. ಆದರೆ ಇಲ್ಲಿ ಬೀದಿಯಿಂದ ಕಾಣುವ ಯಾವುದನ್ನು ಬದಲಿಸುವುದಾದರೂ ಪಾರಂಪರಿಕ ವಲಯವನ್ನು ನೋಡಿಕೊಳ್ಳುವ ಊರಿನ ಆಯೋಗದ ಒಪ್ಪಿಗೆ ಪತ್ರ ಬೇಕು. ಮನೆಯ ಹೆಸರು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಸ್ವಂತ ಹಣದಲ್ಲಿ ಮಾಡಿಸುವ ಕೆಲಸಕ್ಕೆ ಇಂಥ ಕಟ್ಟುಪಾಡು ಬರುವುದಿಲ್ಲ; ಅದು ಬರುವುದು ಊರು ತಾನೇ ಮಾಡಿಕೊಂಡ ಕಾನೂನಿನಿಂದ. 1931ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ನಗರ ಆರಂಭಿಸಿದ ಈ ಪದ್ಧತಿಯನ್ನು ಆಮೇಲೆ ಎಷ್ಟೋ ಊರುಗಳು ಅನುಸರಿಸಿವೆ.

ನನ್ನ ಮೊದಲ ಅರ್ಜಿ ತಿರಸ್ಕೃತವಾಯಿತು. ವಿನೈಲ್ ಬೇಡವೆಂದದ್ದು ನನಗೆ ಅನಿರೀಕ್ಷಿತವಾಗಿರಲಿಲ್ಲ, ಆದರೆ "ಪೂರ್ತಿ ಬದಲಿಸುವ ಅಗತ್ಯವೇನು?" ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಕ್ಕೂಟ ಸರ್ಕಾರದ ಆಂತರಿಕ ಇಲಾಖೆ ರೂಪಿಸಿರುವ ಮಾನದಂಡಗಳ ಪ್ರಕಾರ ಹಾಳಾದದ್ದನ್ನು ಮೊದಲು ದುರಸ್ತಿ ಮಾಡಬೇಕು. ಬದಲಿಸಲೇಬೇಕಾದಲ್ಲಿ ಹೊಸದು ವಿನ್ಯಾಸದಲ್ಲಿಯೂ ಬಣ್ಣದಲ್ಲಿಯೂ ಸಾಧ್ಯವಾದಷ್ಟು ಸಾಮಗ್ರಿಯಲ್ಲಿಯೂ ಹಳೆಯದಕ್ಕೆ ಹೊಂದಬೇಕು. ನಮ್ಮ ಆಯೋಗವೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು.

ಮರುದಿನ ಒಂದು ಸ್ಕ್ರೂಡ್ರೈವರ್ ಹಿಡಿದು ಬೇಲಿಯುದ್ದಕ್ಕೂ ಕುಕ್ಕರಗಾಲಿನಲ್ಲಿ ಕೂತು ಪ್ರತಿಯೊಂದು ಮರವನ್ನೂ ಚುಚ್ಚಿ ನೋಡಿದೆ. ಗೂಟಗಳಲ್ಲಿ ಹೆಚ್ಚಿನವು ನೆಲಮಟ್ಟದಲ್ಲಿ ಕೊಳೆತು ಮೆತ್ತಗಾಗಿದ್ದವು. ಮೊನೆ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಅಲ್ಲಿಂದ ಒಂದು ಗೇಣು ಮೇಲೆ ಅದೇ ಗೂಟ ಕಲ್ಲಿನಂತಿತ್ತು. ಮಣ್ಣಿನ ತೇವವೂ ಗಾಳಿಯೂ ಕೂಡುವ ಜಾಗದಲ್ಲೇ ಮರ ಮೊದಲು ಕೊಳೆಯುತ್ತದೆ. ಗೂಟಗಳ ನಡುವೆ ಸಾಲಾಗಿ ನಿಲ್ಲಿಸಿದ ಮರದ ಪಟ್ಟಿಗಳಲ್ಲಿ ಮೂರರಲ್ಲಿ ಎರಡು ಪಾಲು ಗಟ್ಟಿಯಾಗಿಯೇ ಇದ್ದವು. ಪ್ರತಿಯೊಂದಕ್ಕೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು, ಫೋಟೊ ತೆಗೆದು, ಅಳತೆಯ ನಕ್ಷೆಯೊಂದಿಗೆ ಎರಡನೆಯ ಅರ್ಜಿ ಹಾಕಿದೆ. ಅದಕ್ಕೆ ಯಾವ ತಕರಾರೂ ಬರಲಿಲ್ಲ.

ನನ್ನನ್ನು ಹೆಚ್ಚು ಸತಾಯಿಸಿದ್ದು ಪಟ್ಟಿಯ ದಪ್ಪ. ಇಂದು ಅಂಗಡಿಯಲ್ಲಿ ಒಂದು ಇಂಚಿನದೆಂದು ಮಾರುವ ಹಲಗೆ ಅಳೆದರೆ ಮುಕ್ಕಾಲು ಇಂಚಷ್ಟೇ ಇರುತ್ತದೆ, ನಾಲ್ಕು ಇಂಚಿನ ಗೂಟ ಮೂರೂವರೆ ಇಂಚಿರುತ್ತದೆ. ನಮ್ಮ ಹಳೆಯ ಪಟ್ಟಿಗಳು ಎಂಟರಲ್ಲಿ ಏಳು ಭಾಗ ಇಂಚು ದಪ್ಪವಿದ್ದವು. ಇಷ್ಟು ಸಣ್ಣ ವ್ಯತ್ಯಾಸ ಯಾರ ಕಣ್ಣಿಗೆ ಬಿದ್ದೀತು ಎಂದುಕೊಂಡು ಒಂದು ಹೊಸ ಪಟ್ಟಿಯನ್ನು ಹಳೆಯ ಎರಡರ ನಡುವೆ ಹೊಡೆದು ನೋಡಿದೆ. ಇಳಿಬಿಸಿಲಿನ ನೆರಳಿನಲ್ಲಿ ಅದು ಬಿದ್ದ ಹಲ್ಲಿನ ಜಾಗದಂತೆ ಎದ್ದು ಕಾಣುತ್ತಿತ್ತು. ಕೊನೆಗೆ ಒಂದು ಇಂಚು ನಿಜವಾದ ದಪ್ಪವಿರುವ ಸೀಡರ್ ಮರದ ಹಲಗೆ ತಂದು ಕೀಸುಳಿಯಿಂದ ಕೀಸಿ ಹೊಂದಿಸಿದೆ. ತುದಿಯ ಆಕಾರಕ್ಕೆ, ಬಣ್ಣದ ಪದರ ಕಡಿಮೆಯಿದ್ದ ಹಳೆಯ ಪಟ್ಟಿಯೊಂದನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು ಅಚ್ಚು ಮಾಡಿಕೊಂಡೆ.

ಹಳೆಯ ಬಣ್ಣದ ವಿಷಯದಲ್ಲಿ ಅವಸರ ಸಲ್ಲದು. ಇಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ವಿಷಕಾರಿಯಾದ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಿಂದಿನ ಪದರಗಳಲ್ಲಿ ಸೀಸವಿದೆಯೆಂದೇ ಭಾವಿಸುವುದು ಕ್ಷೇಮ. ಹಾಗಾಗಿ ಒಣ ಮರಳುಕಾಗದ ಮುಟ್ಟದೆ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಮುಖಕ್ಕೆ ತಕ್ಕ ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸುತ್ತಾ ಹೆರೆದೆ.

ಗುಂಡಿ ತೋಡುವ ಮೊದಲು ನೆಲದಡಿಯ ಕೊಳವೆ, ತಂತಿಗಳನ್ನು ಗುರುತು ಮಾಡಿಸಿಕೊಡುವ 811 ಸಂಖ್ಯೆಗೆ ಕರೆ ಮಾಡಿದ್ದರಿಂದ ಕೆಲವು ದಿನಗಳಲ್ಲಿ ನೆಲದ ಮೇಲೆ ಬಣ್ಣದ ಗೆರೆಗಳು ಬಿದ್ದವು: ನೀರಿಗೆ ನೀಲಿ, ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ. ಹಳದಿ ಗೆರೆಯೊಂದು ಗೇಟಿನ ಗೂಟದ ಪಕ್ಕದಲ್ಲೇ ಹಾದುಹೋಗಿತ್ತು. ಆ ಗುಂಡಿಯನ್ನು ಯಂತ್ರ ಬಳಸದೆ ಸಣ್ಣ ಗುದ್ದಲಿಯಿಂದ ನಿಧಾನವಾಗಿ ತೋಡುವುದರಲ್ಲಿ ಅರ್ಧ ದಿನ ಕಳೆಯಿತು. ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಗೂಟ ನಿಲ್ಲದಿದ್ದರೆ ಹಿಮ ಅದನ್ನು ಮೇಲಕ್ಕೆತ್ತುತ್ತದೆ. ಪ್ರತಿ ಗುಂಡಿಯ ತಳಕ್ಕೂ ನೀರು ಬಸಿಯಲೆಂದು ಆರು ಇಂಚು ಜಲ್ಲಿ ಹಾಕಿದೆ.

ಸೀಡರಿನೊಳಗಿನ ಒಗರು ರಸ ಬಿಳಿ ಬಣ್ಣವನ್ನು ದಾಟಿ ಕಂದು ಕಲೆಯಾಗಿ ಹೊರಬರುತ್ತದೆ, ಬರಿಯ ಕಬ್ಬಿಣದ ಮೊಳೆಯ ಸುತ್ತ ಕಪ್ಪಾಗುತ್ತದೆ. ಅದಕ್ಕೇ ಕಲೆ ತಡೆಯುವ ಎಣ್ಣೆ ಪ್ರೈಮರನ್ನು ಜೋಡಿಸುವ ಮೊದಲೇ ಎಲ್ಲ ಬದಿಗಳಿಗೂ, ವಿಶೇಷವಾಗಿ ಕೊಯ್ದ ತುದಿಗಳಿಗೆ, ಎರಡು ಸಲ ಬಳಿದೆ. ಮೊಳೆಗಳು ಸ್ಟೇನ್‌ಲೆಸ್ ಸ್ಟೀಲಿನವು.

ಪರಿಶೀಲನೆಗೆ ಬಂದ ಅಧಿಕಾರಿ ಹೊಸ ಪಟ್ಟಿಗಳು ಯಾವುವೆಂದು ನನ್ನನ್ನೇ ಕೇಳಬೇಕಾಯಿತು. ಗೇಟಿನಲ್ಲಿ ಮಾತ್ರ ನಾನು ಬಿಟ್ಟ ಸಂದು ಸಾಲಲಿಲ್ಲ. ಮಳೆ ಹಿಡಿದರೆ ಮರ ಉಬ್ಬಿ ಚಿಲಕ ಸಿಕ್ಕಿಕೊಳ್ಳುತ್ತದೆ. ನಾಲ್ಕು ಬಿಸಿಲು ದಿನ ಒಟ್ಟಿಗೆ ಸಿಕ್ಕಾಗ ಅದರ ಅಂಚನ್ನು ಕೀಸಿ, ಬರಿದಾದ ಜಾಗಕ್ಕೆ ಮತ್ತೆ ಪ್ರೈಮರ್ ಬಳಿಯಬೇಕಾಗಿದೆ.