ಜಾಮೀನಿಗೆ ಸಹಿ ಹಾಕುವ ಮುಂಚೆ: ನೀತಿಯ ತೀರ್ಮಾನಕ್ಕೊಂದು ಕ್ರಮ

ಎಲ್ಲ ಪ್ರಶ್ನೆಗೂ ತೂಗಿ ನೋಡುವ ಅಗತ್ಯವಿಲ್ಲ. ಸದ್ಗುಣ ಎರಡು ಅತಿಗಳ ನಡುವೆ ಇರುತ್ತದೆ ಎಂದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನೇ ಕಳವು, ಕೊಲೆಗಳಿಗೆ ನಡುವೆ ಎಂಬುದೇ ಇಲ್ಲ ಎಂದೂ ಹೇಳಿದ. ಬಸವಣ್ಣನವರ ‘ಕಳಬೇಡ, ಕೊಲಬೇಡ’ಗಳೂ ಆ ಬಗೆಯವೇ. ಹಾಗಾಗಿ ಮೊದಲ ಕೆಲಸ, ಎದುರಿಗಿರುವುದು ಇಂಥ ವಿಷಯವೇ ಎಂದು ನೋಡುವುದು.

ಬೆಂಬಲ ಬೆಲೆಗೆ ಕೊಡುವ ತೊಗರಿಯಲ್ಲಿ ತೇವಾಂಶ ಶೇ 12 ಮೀರಬಾರದು. ಮಳೆಗೆ ಸಿಕ್ಕ ತೊಗರಿಯನ್ನು ಒಣಗಿದ್ದರಲ್ಲಿ ಕಲಸಿ ಕಲಬುರಗಿಯ ಗಂಜ್ ಮಾರುಕಟ್ಟೆಗೆ ತರುವುದು ಮೋಸ. ಸ್ವಲ್ಪವೇ ಕಲಸಿದರೆ ಸ್ವಲ್ಪವೇ ತಪ್ಪು ಎಂಬ ಲೆಕ್ಕ ಇಲ್ಲಿ ನಡೆಯದು. ಒಣಗಿಸಿ ತನ್ನಿ, ಇಲ್ಲವೇ ಹಸಿ ಇದೆ ಎಂದು ಹೇಳಿ ಬೇರೆ ರಾಶಿ ಹಾಕಿ, ಸಿಕ್ಕ ದರ ತೆಗೆದುಕೊಳ್ಳಿ.

ಕಟ್ಟಳೆ ಸುಮ್ಮನಿರುವ ಕಡೆ ಕಷ್ಟ ಶುರುವಾಗುತ್ತದೆ. ಕಲ್ಯಾಣದಲ್ಲಿ ಮಾರಯ್ಯನವರು ಬಿದ್ದ ಅಕ್ಕಿ ಆಯುವ ಕಾಯಕದವರು. ಒಂದು ದಿನ ಅಕ್ಕಿ ಹೆಚ್ಚು ತಂದಾಗ ಅವರ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ ಕಳಿಸಿದರೆಂದು ಶರಣರ ಕಥೆ. ಅಲ್ಲಿ ಕಳವಾಗಿರಲಿಲ್ಲ, ಆದರೂ ಆಸೆ ಎಲ್ಲಿ ಹೆಜ್ಜೆ ಇಟ್ಟಿತೆಂಬುದು ಆಕೆಗೆ ಕಂಡಿತು. ಬೆಳೆಸಿಕೊಳ್ಳಬೇಕಾದದ್ದು ಈ ನೋಟವನ್ನು.

ಈಗ ಮನೆಮನೆಯ ಪ್ರಶ್ನೆಗೆ ಬರೋಣ. ಅಕ್ಕನ ಮಗ ಬಂದು, “ಮಾಮಾ, ಒಂದ್ ಸಹಿ ಹಾಕ್ರಿ, ಸಾಲ ನಾನೇ ಕಟ್ತೀನ್ರಿ” ಅನ್ನುತ್ತಾನೆ.

ಮೊದಲು ಸಂಗತಿ ಕಲೆಹಾಕಿ: ಸಾಲವೆಷ್ಟು, ಕಂತೆಷ್ಟು, ಬೇರೆ ಕಡೆ ಬಾಕಿ ಇದೆಯೇ, ಯಾವ ದುಡಿಮೆಯಿಂದ ಕಟ್ಟುತ್ತಾನೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ‘ಬರೀ ಒಂದು ಸಹಿ’ ಎಂಬುದಿಲ್ಲ. ಇಷ್ಟು ತಿಳಿಯದೆ ಒಳ್ಳೆಯತನದ ಮಾತಿಗೆ ಇಳಿದವರೇ ಹೆಚ್ಚಾಗಿ ಎಡವುವುದು.

ಆಮೇಲೆ ಇಲ್ಲಿ ಯಾವ ಗುಣದ ಪರೀಕ್ಷೆ ನಡೆದಿದೆ ಎಂದು ಹೆಸರಿಡಿ. ಔದಾರ್ಯ ಎಂದರೆ ಅದರ ಒಂದು ಬದಿಗೆ ಜಿಪುಣತನ, ಇನ್ನೊಂದು ಬದಿಗೆ ದುಂದು. ಮೋಸ ಹೋಗುವ ಜಾಗವೂ ಇದೇ, ಏಕೆಂದರೆ ದುರ್ಗುಣ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಜಿಪುಣತನ ‘ಎಚ್ಚರಿಕೆ’ ಅನ್ನಿಸಿಕೊಳ್ಳುತ್ತದೆ, ಮುಲಾಜು ‘ಪ್ರೀತಿ’ ಅನ್ನಿಸಿಕೊಳ್ಳುತ್ತದೆ. ಅಕ್ಕ ಬೇಜಾರಾದಾಳೆಂಬ ಒಂದೇ ಅಂಜಿಕೆಗೆ ಹಾಕಿದ ಸಹಿ ಔದಾರ್ಯವಲ್ಲ, ಅದು ಧೈರ್ಯದ ಕೊರತೆ. ನಮ್ಮ ಕಡೆ ಈ ಎರಡನೆಯ ರೋಗವೇ ಜಾಸ್ತಿ.

ನಿಮ್ಮ ವಾಲಿಕೆ ಯಾವ ಕಡೆ ಎಂದು ತಿಳಿಯಲು, ಹಿಂದೆ ಯಾರಾದರೂ ಹಣ ಕೇಳಿದಾಗ ಏನು ಮಾಡಿದಿರಿ ಎಂದು ನೆನಪಿಸಿಕೊಳ್ಳಿ. ಯಾವಾಗಲೂ ‘ಹೂಂ’ ಎಂದವರು ಈ ಸಲ ‘ಇಲ್ಲ’ದ ಕಡೆಗೆ ಜಗ್ಗಬೇಕು, ಯಾವಾಗಲೂ ಕೈ ಬಿಗಿ ಹಿಡಿದವರು ಕೊಡುವ ಕಡೆಗೆ. ಡೊಂಕು ಕಟ್ಟಿಗೆ ನೆಟ್ಟಗಾಗಲು ಎದುರು ದಿಕ್ಕಿಗೆ ಬಗ್ಗಿಸಬೇಕೆಂದು ಅರಿಸ್ಟಾಟಲ್ ಹೇಳಿದ್ದು ಇದನ್ನೇ.

ನಡುವೆ ಎಂದರೆ ಅರ್ಧ ಅಲ್ಲ. ಎರಡು ಲಕ್ಷಕ್ಕೆ ಕೇಳಿದವನಿಗೆ ಒಂದು ಲಕ್ಷಕ್ಕೆ ಜಾಮೀನು ನಿಂತರೆ ಅದು ಸದ್ಗುಣವಾಗುವುದಿಲ್ಲ. ಅರಿಸ್ಟಾಟಲನದೇ ಉದಾಹರಣೆ: ಗ್ರೀಕ್ ಕುಸ್ತಿಪಟು ಮಿಲೋಗೆ ಸಾಕಾಗದ ಊಟ ಹೊಸಬನಿಗೆ ಹೆಚ್ಚಾದೀತು; ಅಳತೆ ಆಳಿಗೆ ತಕ್ಕಂತೆ. ಹುಡುಗ ಕಟ್ಟದೇ ಹೋದರೆ ಒಂದು ವರ್ಷದ ಕಂತನ್ನು ಮಕ್ಕಳ ಫೀಸು, ಬೀಜ-ಗೊಬ್ಬರದ ದುಡ್ಡು ಮುಟ್ಟದೆ ಕಟ್ಟಬಲ್ಲಿರಾ? ಆಗದಿದ್ದರೆ ನೀವು ಕೊಡುತ್ತಿರುವುದು ನಿಮ್ಮದಲ್ಲ, ಮನೆಯವರ ಪಾಲು. ಆಗ ಔದಾರ್ಯಕ್ಕಿಂತ ಮೊದಲು ನ್ಯಾಯದ ಮಾತು ಬರುತ್ತದೆ.

ಸಾಲದಲ್ಲಿ ಪಾಲಿಲ್ಲದ, ಲೋಕ ಕಂಡ ಒಬ್ಬರನ್ನು ಕೇಳಿ. ಓದಿದವರೇ ಆಗಬೇಕಿಲ್ಲ. ಎಳೆಯರು ಗಣಿತದಲ್ಲಿ ಜಾಣರಾಗಬಹುದು, ವ್ಯವಹಾರದ ವಿವೇಕಕ್ಕೆ ಅನುಭವ ಬೇಕು. ‘ಬಸವಣ್ಣನವರು ಇದ್ದಿದ್ದರೆ ಏನು ಮಾಡುತ್ತಿದ್ದರು’ ಎಂದು ಕೇಳಿಕೊಂಡರೆ ಉತ್ತರ ಸಿಗುವುದು ಕಷ್ಟ. ನಿಮ್ಮಷ್ಟೇ ಹೊಲ, ನಿಮ್ಮಷ್ಟೇ ಸಂಬಳ ಇದ್ದು ಹೆಸರು ಕೆಡಿಸಿಕೊಳ್ಳದವರನ್ನು ನೆನೆಯಿರಿ.

ಇಲ್ಲ ಎನ್ನುವುದಾದರೆ ಅವತ್ತೇ, ಎದುರಿಗೇ, ನಿಜವಾದ ಕಾರಣ ಹೇಳಿ. “ಮನಿಯಾಗ ಒಪ್ಪವಲ್ಲರು” ಎಂದು ಹೆಂಡತಿಯ ಮೇಲೆ ಹಾಕಬೇಡಿ. ಸಹಿಯ ಬದಲಿಗೆ, ಹೋದರೂ ನಡೆಯುವಷ್ಟು ಹಣ ಕೈಗೆ ಕೊಡಿ, ಇಲ್ಲವೇ ಕಾಗದ ಪತ್ರಕ್ಕೆ ಜೊತೆಗೆ ಓಡಾಡಿ. ಒಪ್ಪುವುದಾದರೆ ಸಹಿಗೆ ಮುಂಚೆ ಮನೆಯಲ್ಲಿ ಹೇಳಿ, ಕರಾರಿನ ಪ್ರತಿ ಇಸಿದುಕೊಳ್ಳಿ, ಪ್ರತಿ ಕಂತಿನ ರಸೀದಿ ತೋರಿಸಬೇಕೆಂದು ಹುಡುಗನಿಗೆ ಆಗಲೇ ತಾಕೀತು ಮಾಡಿ.