ಲಕ್ವ ಹೊಡೆದವರ ಆರೈಕೆ: ಮೊದಲು ಗಂಟಲು, ಆಮೇಲೆ ಕೈಕಾಲು

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದರೆ ನೋಡಲು ಬಂದವರೆಲ್ಲ ಕೇಳುವುದು ಒಂದೇ, ಕೈ ಎತ್ತುತ್ತಾರಾ, ನಡೀತಾರಾ ಅಂತ. ನುಂಗುವುದು ಸರಿ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಆದರೆ ಅನ್ನವೋ ನೀರೋ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದರೆ ಜೀವಕ್ಕೇ ಕುತ್ತು. ಬಾಯಿಂದ ಏನು ಕೊಡಬಹುದು, ಎಷ್ಟು ದಪ್ಪ ಇರಬೇಕು ಅಂತ ಡಿಸ್ಚಾರ್ಜ್ ದಿನವೇ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ.

ಕಾರವಾರ, ಅಂಕೋಲಾ, ಕುಮಟಾ ಕಡೆ ಹುಷಾರಿಲ್ಲ ಅಂದ ಕೂಡಲೇ ಗಂಜಿ ತಾನೇ? ಮೇಲೆ ತಿಳಿ, ಕೆಳಗೆ ಅಗುಳು. ನುಂಗಲು ಕಷ್ಟ ಇರುವವರಿಗೆ ಇದೇ ಅಪಾಯ. ತಿಳಿ ಸರ್ರನೆ ಗಂಟಲಿಗೆ ಜಾರುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ, ಎರಡನ್ನೂ ಒಟ್ಟಿಗೆ ಸಂಭಾಳಿಸಲು ಅವರಿಗೆ ಆಗುವುದಿಲ್ಲ. ತಿಳಿ ಬಸಿದು, ಅಗುಳನ್ನು ಮಿಕ್ಸಿಗೆ ಹಾಕಿ, ಚಮಚ ಓರೆ ಮಾಡಿದರೆ ನಿಧಾನ ಜಾರುವಷ್ಟು ದಪ್ಪ ಮಾಡಿ. ಒಣ ಅವಲಕ್ಕಿ ಬೇಡ. ಮೀನು ಕೊಡಲೇಬೇಕು ಅಂದರೆ ಮುಳ್ಳು ತೆಗೆದು, ನುಣ್ಣಗೆ ಕಿವುಚಿ.

ತಿನ್ನಿಸುವಾಗ ನೆಟ್ಟಗೆ ಕೂರಿಸಿ. ಮಲಗಿಸಿ ಬಾಯಿಗೆ ನೀರು ಹನಿಸುವುದಂತೂ ಬೇಡವೇ ಬೇಡ. ಸಣ್ಣ ಚಮಚ, ಗದ್ದ ಸ್ವಲ್ಪ ಕೆಳಗೆ, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಟಿವಿ ಬಂದ್ ಮಾಡಿ. ಊಟ ಮುಗಿದ ಮೇಲೆ ಸೋತ ಕಡೆಯ ಕೆನ್ನೆಯೊಳಗೆ ನೋಡಿ, ಅಲ್ಲಿ ಅನ್ನ ಸಿಕ್ಕಿಕೊಂಡಿರುತ್ತದೆ, ಅವರಿಗೆ ಗೊತ್ತೇ ಆಗಿರುವುದಿಲ್ಲ. ಅದನ್ನು ತೆಗೆದು, ಬಾಯಿ ಶುಚಿ ಮಾಡಿ, ಕನಿಷ್ಠ 30 ನಿಮಿಷ ಹಾಗೇ ಕೂರಿಸಿ. ತಿನ್ನುವಾಗ ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ನಿಲ್ಲಿಸಿ. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಸುಮ್ನೆ ಜ್ವರ ಬರುತ್ತದೆ. ಆಗ ತಡ ಮಾಡದೆ ತೋರಿಸಿ.

ಇನ್ನು ಬೆನ್ನು. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗುವುದಿಲ್ಲ, ಬೆವರು ಆರುವುದಿಲ್ಲ, ಒದ್ದೆ ಚರ್ಮ ಬೇಗ ಕೀಳುತ್ತದೆ. ಪ್ಲಾಸ್ಟಿಕ್ ಶೀಟನ್ನು ನೇರ ಬೆನ್ನಿಗೆ ತಾಗಿಸಬೇಡಿ, ಮೇಲೆ ಹಳೆಯ ಹತ್ತಿ ಸೀರೆ ಹಾಸಿ, ಒದ್ದೆಯಾದ ಕೂಡಲೇ ಬದಲಿಸಿ. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಏರ್‌ಬೆಡ್ ಇದೆ ಅಂತ ಬಿಡಬೇಡಿ, ಗಾಳಿಮಳೆಗೆ ಕರೆಂಟ್ ಹೋದರೆ ಅದರ ಪಂಪೂ ನಿಲ್ಲುತ್ತದೆ ಅಲ್ವಾ? ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತಲೇ ತಿಳಿಯಿರಿ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಿದರೆ ಇನ್ನಷ್ಟು ಹಾಳು.

ಎತ್ತುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಬಿಸಿನೀರಿನ ಶಾಖ ಕೊಡಬೇಕು ಅಂತ ಹಿರಿಯರು ಒತ್ತಾಯ ಮಾಡುತ್ತಾರೆ. ಆ ಕಡೆ ಸ್ಪರ್ಶವೇ ಇಲ್ಲದಿದ್ದರೆ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ, ಇದನ್ನು ಸ್ವಲ್ಪ ಗಟ್ಟಿಯಾಗೇ ಹೇಳಿ. ಬಿಪಿ ಮಾತ್ರೆಯನ್ನು ಆರಾಮಾಗಿದೆ ಅಂತ ನಿಲ್ಲಿಸುವುದು ಮಾತ್ರ ಮಾಡಬೇಡಿ.

ಮತ್ತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, 108ಕ್ಕೆ ಫೋನ್ ಮಾಡಿ. ಕೊನೆಯ ಸಲ ಸರಿ ಇದ್ದದ್ದು ಎಷ್ಟು ಗಂಟೆಗೆ ಅಂತ ಬರೆದಿಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಅಲ್ಲಿಂದ 4.5 ಗಂಟೆಯೊಳಗೆ ಮಾತ್ರ ಸಾಮಾನ್ಯವಾಗಿ ಅವಕಾಶ, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಮತ್ತು ಆ ಇಂಜೆಕ್ಷನ್ ಎರಡೂ ಸಿಗುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿಡಿ, ಘಾಟಿ ಇಳಿಯಬೇಕಾದ ಶಿರಸಿ ಕಡೆಯವರಂತೂ ಖಂಡಿತ.