ಕಣ್ಣಷ್ಟೇ ಆಡೋರ ಜೊತಿ ಮಾತಾಡೋದು ಹೆಂಗ

ಕೊಪ್ಪಳದಾಗ ನಮ್ಮ ಕಾಕಾಗ ಲಕ್ವಾ ಹೊಡೆದ ಮ್ಯಾಲೆ ಕಣ್ಣು ಬಿಟ್ರ ಏನೂ ಆಡ್ತಿರಲಿಲ್ಲ. ಮೊದ್ಲು ಹೌದಂದ್ರ ಮ್ಯಾಲೆ ನೋಡೋದು, ಇಲ್ಲಂದ್ರ ಕಣ್ಣು ಮುಚ್ಚೋದು ಅಂತ ಗಟ್ಟಿ ಮಾಡ್ಕೊಳ್ರಿ. ಆಮ್ಯಾಲೆ ರಟ್ಟಿನ ಮ್ಯಾಲೆ ಅಕ್ಷರಮಾಲೆ ಸಾಲುಸಾಲಾಗಿ ದಪ್ಪಗ ಬರ್ದು, ಬೆರಳಿಟ್ಟು ಯಾವ ಸಾಲು ಅಂತ ಕೇಳ್ರಿ, ಅವರು ಮ್ಯಾಲೆ ನೋಡಿದ ಸಾಲಿನಾಗ ಒಂದೊಂದ ಅಕ್ಷರ ಕೇಳ್ಕೋತ ಹೋಗ್ರಿ, ಒತ್ತು ಕಾಗುಣಿತಕ್ಕ ತಲಿ ಕೆಡಿಸ್ಕೋಬ್ಯಾಡ್ರಿ, ಕಾಕಾ ನ, ರ ಅಂತ ತೋರ್ಸಿದ ಕೂಡ್ಲೇ ಕಾಕಿ "ನೀರು ಬೇಕೇನ್ರಿ?" ಅಂದ್ಲು, ಅವರ ಕಣ್ಣು ತುಂಬಿ ಬಂತು.

ಆಂಡ್ರಾಯ್ಡ್ 12ರ ಮ್ಯಾಲಿನ ಫೋನಿನಾಗ ಆಕ್ಸೆಸಿಬಿಲಿಟಿ ಸೆಟ್ಟಿಂಗಿಗೆ ಹೋಗಿ, ಸ್ವಿಚ್ ಆಕ್ಸೆಸ್ ಒಳಗ ಕ್ಯಾಮೆರಾ ಸ್ವಿಚ್ ಆನ್ ಮಾಡಿದ್ರ ಹುಬ್ಬು ಎತ್ತಿನೂ ಫೋನ್ ನಡೆಸಬಹುದು, ಮುಖಕ್ಕ ಬೆಳಕು ಬೀಳಂಗ ಇಡ್ರಿ.

ಮನಸಿನಾಗ ನೆನೆಸಿದ್ರ ಕಂಪ್ಯೂಟರ್ ನಡೆಸೋಕ ಮಿದುಳಿನಾಗ ಇಡೋ ತಮ್ಮ ಚಿಪ್‌ನ ಅಮೆರಿಕದ ನ್ಯೂರಾಲಿಂಕ್ ಕಂಪನಿಯೋರು 2024ರ ಜನವರಿಯಾಗ ಮೊದಲ ಸಲ ಮನುಷ್ಯಾಗ ಹಾಕಿದ್ರು, ಅದಿನ್ನೂ ಟ್ರಯಲ್. ಟ್ರಯಲ್ ಅಂತ ಹೇಳಿ ರೊಕ್ಕ ಕೇಳಿದ್ರ ಸಿಟಿಆರ್‌ಐ (ಭಾರತದಾಗಿನ ವೈದ್ಯಕೀಯ ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿ) ನಂಬರ್ ಕೇಳ್ರಿ, ಹೊಲ ಮಾತ್ರ ಮಾರಬ್ಯಾಡ್ರಿ.